ಆಟದ ವಲಸೆ: ಪಾತ್ರಧಾರಿ ಗಣಕ ಆಟಗಳು, ಬೆಳಗಾವಿ ಸೀಮೆಯ ರಂಗಭೂಮಿ ಮತ್ತು ಪ್ರಭಾವದ ಪ್ರಶ್ನೆ

1. ಪ್ರವೇಶ

ಕನ್ನಡದಲ್ಲಿ ‘ಆಟ’ ಎಂಬ ಒಂದೇ ಶಬ್ದ ಕ್ರೀಡೆಯನ್ನೂ ರಂಗಪ್ರಯೋಗವನ್ನೂ ಸೂಚಿಸುತ್ತದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಸುತ್ತಲಿನ ಹಳ್ಳಿಗಳಲ್ಲಿ ಮಕ್ಕಳು ಆಡುವುದು ಆಟ. ವೇಷ ಕಟ್ಟಿ ಬೆಳಗಿನವರೆಗೆ ಹಾಡಿ ಕುಣಿಯುವುದೂ ಆಟ. ದೊಡ್ಡಾಟ, ಸಣ್ಣಾಟ, ಎಲ್ಲಮ್ಮನಾಟ ಎಂಬ ಹೆಸರುಗಳೇ ಇದಕ್ಕೆ ಸಾಕ್ಷಿ. ಎರಡರಲ್ಲಿಯೂ ನಿಯಮವಿದೆ, ಪಾತ್ರವಿದೆ, ತಾನಲ್ಲದ ಇನ್ನೊಬ್ಬನಾಗುವ ಅವಕಾಶವಿದೆ. ಆಟವು ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ವಲಸೆ ಹೋದಾಗ ಏನಾಗುತ್ತದೆ ಎಂಬುದು ಪ್ರಸ್ತುತ ಲೇಖನದ ವಿಷಯ.

ಈ ಪ್ರಶ್ನೆ ನಮಗೆ ಹೊಸದಲ್ಲ. 1842ರಲ್ಲಿ ಉತ್ತರ ಕನ್ನಡದ ಕರ್ಕಿಯ ಭಾಗವತ ಮೇಳವು ಸಾಂಗಲಿಯಲ್ಲಿ ಪ್ರದರ್ಶನ ನೀಡಿದುದು, ಅದರ ಪ್ರೇರಣೆಯಿಂದ 1843ರಲ್ಲಿ ವಿಷ್ಣುದಾಸ ಭಾವೆಯವರ ‘ಸೀತಾ ಸ್ವಯಂವರ’ ರಂಗಕ್ಕೆ ಬಂದುದು ನಮ್ಮ ರಂಗಭೂಮಿಯ ಇತಿಹಾಸಗಳಲ್ಲೆಲ್ಲ ಉಲ್ಲೇಖಗೊಂಡಿದೆ. ಆದರೆ ಈ ಉಲ್ಲೇಖದ ಧಾಟಿ ಬಹುಮಟ್ಟಿಗೆ ಸಾಲದ ಲೆಕ್ಕದ್ದು. ಕೊಟ್ಟದ್ದನ್ನು ಹೇಳುವಾಗ ನಾವು ವಿಸ್ತಾರವಾಗಿ ಮಾತನಾಡುತ್ತೇವೆ. ಮುಂದೆ ಮರಾಠಿ ಸಂಗೀತ ನಾಟಕದಿಂದ ಕನ್ನಡ ಪಡೆದುದನ್ನು ಹೇಳುವಾಗ ಸಂಕ್ಷೇಪಕ್ಕೆ ಇಳಿಯುತ್ತೇವೆ. ಗಡಿಯ ಆಚೆಗಿನ ಬರಹಗಳಲ್ಲಿ ಈ ವಿಸ್ತಾರ-ಸಂಕ್ಷೇಪಗಳು ಅದಲುಬದಲಾಗುತ್ತವೆ. ‘ಯಾರು ಮೊದಲು’ ಎಂಬ ಪ್ರಶ್ನೆಯೊಂದೇ ಮುಂದಿರುವುದರಿಂದ ‘ಪಡೆದವರು ಏನು ಮಾಡಿದರು’ ಎಂಬ ಪ್ರಶ್ನೆ ಹಿಂದೆ ಬಿದ್ದಿದೆ.

ಈ ಎರಡನೆಯ ಪ್ರಶ್ನೆಯನ್ನು ಸ್ಪಷ್ಟಪಡಿಸಿಕೊಳ್ಳಲು ನಮ್ಮ ಅಭಿಮಾನ ತೊಡಗಿಕೊಂಡಿರದ ಒಂದು ನಿದರ್ಶನ ಸಹಾಯಕ. ಅಮೆರಿಕದ ಆರಂಭಕಾಲದ ಪಾತ್ರಧಾರಿ ಗಣಕ ಆಟಗಳು ಜಪಾನಿನ ಆಟಗಳ ಮೇಲೆ ಬೀರಿದ ಪ್ರಭಾವ ಅಂಥದು. 1842ರ ಪ್ರದರ್ಶನ ಆ ರಾತ್ರಿಗೇ ಮುಗಿದುಹೋಯಿತು. ಅದನ್ನು ನಾವು ಮತ್ತೆ ನೋಡಲಾರೆವು. ಗಣಕ ಆಟಗಳಾದರೋ ಮೂಲವನ್ನೂ ಅದರಿಂದ ಹುಟ್ಟಿದುದನ್ನೂ ಇಂದಿಗೂ ಅಕ್ಕಪಕ್ಕದಲ್ಲಿಟ್ಟು ಆಡಿ ಹೋಲಿಸಬಹುದಾದಂಥವು. ಪ್ರಭಾವವೆಂಬ ವ್ಯಾಪಾರದ ಒಳಗನ್ನು ಕಾಣಲು ಇದಕ್ಕಿಂತ ಅನುಕೂಲವಾದ ಸಾಮಗ್ರಿ ದೊರೆಯುವುದು ವಿರಳ.

2. ಮೇಜಿನಿಂದ ಯಂತ್ರಕ್ಕೆ, ಅಮೆರಿಕದಿಂದ ಜಪಾನಿಗೆ

1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಆಟವನ್ನು ಪ್ರಕಟಿಸಿದರು. ಇದು ಗಣಕದ ಆಟವಲ್ಲ. ಕೆಲವರು ಒಂದು ಮೇಜಿನ ಸುತ್ತ ಕುಳಿತು ಯೋಧ, ಮಾಂತ್ರಿಕ, ಕಳ್ಳ ಮುಂತಾದ ಪಾತ್ರಗಳನ್ನು ವಹಿಸಿಕೊಳ್ಳುತ್ತಾರೆ. ಅವರಲ್ಲೊಬ್ಬ ನಿರ್ವಾಹಕ, ಸನ್ನಿವೇಶವನ್ನು ವರ್ಣಿಸುವವನು, ರಾಕ್ಷಸರನ್ನು ಎದುರಿಗೆ ತರುವವನು, ದಾಳದ ಫಲವನ್ನು ನಿರ್ಣಯಿಸುವವನು ಅವನೇ. ನಮ್ಮ ಪರಿಭಾಷೆಯಲ್ಲಿ ಹೇಳುವುದಾದರೆ ಅವನು ಆ ಆಟದ ಭಾಗವತ. ಅವನು ನಡೆಸಿದಂತೆ ಕಥೆ ನಡೆಯುತ್ತದೆ. ಪಾತ್ರಧಾರಿಗಳು ತಮ್ಮ ಮಾತನ್ನು ಅಲ್ಲಿಯೇ ಕಟ್ಟಿಕೊಳ್ಳುತ್ತಾರೆ.

ಗಣಕ ಬಂದಾಗ ಈ ಭಾಗವತನ ಸ್ಥಾನದಲ್ಲಿ ಯಂತ್ರ ಕುಳಿತಿತು. 1981ರಲ್ಲಿ ಎರಡು ಮುಖ್ಯ ಆಟಗಳು ಪ್ರಕಟವಾದವು. ಒಂದು, ಆಂಡ್ರ್ಯೂ ಗ್ರೀನ್‌ಬರ್ಗ್ ಮತ್ತು ರಾಬರ್ಟ್ ವುಡ್‌ಹೆಡ್ ರಚಿಸಿದ ‘ವಿಝಾರ್ಡ್ರಿ’. ಇದರಲ್ಲಿ ಆಡುವವನು ಆರು ಜನರ ತಂಡವೊಂದನ್ನು ಕಟ್ಟಿಕೊಂಡು ನೆಲದಡಿಯ ಚಕ್ರವ್ಯೂಹಕ್ಕೆ ಇಳಿಯುತ್ತಾನೆ. ಕಾಣುವುದು ಕಣ್ಣೆದುರಿನ ಗೋಡೆ, ಎದುರಾಗುವ ರಾಕ್ಷಸ. ಇನ್ನೊಂದು, ರಿಚರ್ಡ್ ಗ್ಯಾರಿಯಟ್ ರಚಿಸಿದ ‘ಅಲ್ಟಿಮಾ’. ಇದರಲ್ಲಿ ನಾಡೆಲ್ಲವನ್ನೂ ಮೇಲಿನಿಂದ ನೋಡಿದ ನಕ್ಷೆಯಂತೆ ತೋರಿಸಲಾಗಿದೆ. ಊರುಗಳಿವೆ, ಕೋಟೆಗಳಿವೆ, ಕಾರ್ಯ ವಹಿಸುವ ಅರಸರಿದ್ದಾರೆ.

ಸಂಪರ್ಕದ ದಾರಿಗಳೂ ಸ್ಪಷ್ಟವಾಗಿವೆ. ಮಕ್ಕಳ ಚಿತ್ರಕಥಾ ವಾರಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಯುಜಿ ಹೋರಿಯಿ ಮತ್ತು ಕ್ರಮವಿಧಿ ರಚಿಸುವ ತರುಣ ಕೋಯಿಚಿ ನಾಕಮುರಾ, ಎನಿಕ್ಸ್ ಸಂಸ್ಥೆಯ ಸ್ಪರ್ಧೆಯಲ್ಲಿ ಗೆದ್ದವರಾಗಿ 1983ರಲ್ಲಿ ಸಾನ್‌ಫ್ರಾನ್ಸಿಸ್ಕೋದ ಆ್ಯಪಲ್ ಮೇಳಕ್ಕೆ ಹೋದರು. ವಿಝಾರ್ಡ್ರಿಯ ಪರಿಚಯ ಅವರಿಗೆ ಆಯಿತು. ಡಚ್ ಮೂಲದ ಹೆಂಕ್ ರಾಜರ್ಸ್ 1984ರಲ್ಲಿ ಜಪಾನಿನಲ್ಲಿದ್ದುಕೊಂಡೇ ‘ದಿ ಬ್ಲ್ಯಾಕ್ ಆನಿಕ್ಸ್’ ಎಂಬ ಆಟವನ್ನು ಹೊರತಂದು ಅಲ್ಲಿನವರಿಗೆ ಈ ಪ್ರಕಾರವನ್ನು ಪರಿಚಯಿಸಿದರು. 1985ರಲ್ಲಿ ವಿಝಾರ್ಡ್ರಿ ಜಪಾನಿ ಗಣಕಗಳಿಗೆ ಬಂದಿತು. 1986ರ ಮೇ 27ರಂದು ಹೋರಿಯಿ ಮತ್ತು ನಾಕಮುರಾ ಅವರ ‘ಡ್ರ್ಯಾಗನ್ ಕ್ವೆಸ್ಟ್’ ಪ್ರಕಟವಾಯಿತು. ನಾಡನ್ನು ಮೇಲಿನಿಂದ ತೋರಿಸುವ ಕ್ರಮ ಅಲ್ಟಿಮಾದಿಂದ, ಯುದ್ಧದಲ್ಲಿ ರಾಕ್ಷಸನನ್ನು ಮುಖಾಮುಖಿಯಾಗಿ ನಿಲ್ಲಿಸುವ ಕ್ರಮ ವಿಝಾರ್ಡ್ರಿಯಿಂದ ಬಂದುದೆಂಬುದನ್ನು ಹೋರಿಯಿ ಮರೆಮಾಚಿಲ್ಲ. ಅವರ ಪತ್ತೇದಾರಿ ಆಟವೊಂದರ ನೆಲಮಾಳಿಗೆಯ ಗೋಡೆಯ ಮೇಲೆ ವಿಝಾರ್ಡ್ರಿಯನ್ನು ನೆನಪಿಸುವ ಬರಹವೊಂದನ್ನು ಅವರೇ ಇರಿಸಿದ್ದಾರೆ. 1987ರ ‘ಫೈನಲ್ ಫ್ಯಾಂಟಸಿ’ಯ ಕಥೆ ಇನ್ನೂ ಸ್ವಾರಸ್ಯವಾದುದು: ಹಿರೊನೊಬು ಸಾಕಾಗುಚಿ ರೂಪಿಸಿದ ಆ ಜಪಾನಿ ಆಟದ ಕ್ರಮವಿಧಿ ಬರೆದವರು ನಾಸಿರ್ ಗೆಬೆಲ್ಲಿ, ಅಮೆರಿಕದಲ್ಲಿ ಆ್ಯಪಲ್ ಗಣಕದ ಆಟಗಳಿಂದ ಹೆಸರಾಗಿದ್ದ ಇರಾನೀ ಮೂಲದವರು.

ಇಲ್ಲಿಗೆ ‘ಯಾರು ಮೊದಲು’ ಎಂಬ ಪ್ರಶ್ನೆ ಮುಗಿಯಿತು. ಆದರೆ ಜಪಾನಿ ಆಟ ಏಕೆ ಜಪಾನಿಯಾಯಿತು ಎಂಬುದಕ್ಕೆ ಉತ್ತರ ಸಿಕ್ಕಲಿಲ್ಲ.

3. ಬಿಟ್ಟದ್ದು, ಉಳಿಸಿಕೊಂಡದ್ದು, ಬೇರೆಯಾಗಿ ತಿಳಿದದ್ದು

ಉತ್ತರವಿರುವುದು ಸ್ವೀಕಾರದ ವಿವರಗಳಲ್ಲಿ. ಅವುಗಳನ್ನು ಮೂರು ತಲೆಬರಹಗಳಲ್ಲಿ ವಿಂಗಡಿಸಬಹುದು.

ಮೊದಲನೆಯದು, ಬಿಟ್ಟದ್ದು. ವಿಝಾರ್ಡ್ರಿಯಲ್ಲಿ ಸತ್ತ ಪಾತ್ರವನ್ನು ಬದುಕಿಸುವ ಯತ್ನ ವಿಫಲವಾದರೆ ಅದು ಬೂದಿಯಾಗಿ, ಕೊನೆಗೆ ಶಾಶ್ವತವಾಗಿ ಇಲ್ಲವಾಗಬಹುದು. ಡ್ರ್ಯಾಗನ್ ಕ್ವೆಸ್ಟಿನಲ್ಲಿ ಸೋತವನು ಅರ್ಧ ಹಣ ಕಳೆದುಕೊಂಡು ಅರಸನೆದುರು ಮತ್ತೆ ಎದ್ದು ನಿಲ್ಲುತ್ತಾನೆ. ಆರು ಜನರ ತಂಡದ ಬದಲು ಒಬ್ಬನೇ ನಾಯಕ. ಕೀಲಿಮಣೆಯ ಹತ್ತಾರು ಆಜ್ಞೆಗಳ ಬದಲು ಆಯ್ದುಕೊಳ್ಳಬಹುದಾದ ಚಿಕ್ಕ ಪಟ್ಟಿ. ಇದಕ್ಕೆ ಕಾರಣ ಅಭಿರುಚಿಯೊಂದೇ ಅಲ್ಲ, ಉಪಕರಣವೂ ಹೌದು. ಅಮೆರಿಕದ ಆಟಗಳು ಕೀಲಿಮಣೆಯುಳ್ಳ ಗಣಕಕ್ಕಾಗಿ ರಚಿತವಾದವು. ಡ್ರ್ಯಾಗನ್ ಕ್ವೆಸ್ಟ್ ಬಂದುದು ಮನೆಯ ದೂರದರ್ಶನಕ್ಕೆ ಜೋಡಿಸುವ ‘ಫ್ಯಾಮಿಕಾಮ್’ ಎಂಬ ಯಂತ್ರಕ್ಕೆ. ಇಡೀ ಆಟ 64 ಕಿಲೋಬೈಟಿನಲ್ಲಿ ಅಡಗಬೇಕಿತ್ತು. ಜಾಗ ಸಾಲದೆ ಕಾತಾಕಾನಾ ಲಿಪಿಯ ಸುಮಾರು 20 ಅಕ್ಷರಗಳನ್ನು ಮಾತ್ರ ಇಟ್ಟುಕೊಂಡು, ರಾಕ್ಷಸರ ಮತ್ತು ಮಂತ್ರಗಳ ಹೆಸರುಗಳನ್ನು ಆ ಅಕ್ಷರಗಳಿಗೆ ಹೊಂದುವಂತೆ ಕಟ್ಟಬೇಕಾಯಿತು. ಉಪಕರಣದ ಮಿತಿ ಪದಕೋಶವನ್ನು ರೂಪಿಸಿದ ಈ ಸಂಗತಿ ಭಾಷಾಧ್ಯಯನ ಮಾಡುವವರಿಗೆ ಗಮನಾರ್ಹ.

ಎರಡನೆಯದು, ಉಳಿಸಿಕೊಂಡದ್ದು, ಆದರೆ ಸ್ಥಾನ ಬದಲಿಸಿ ಉಳಿಸಿಕೊಂಡದ್ದು. ಅನುಭವಾಂಕ ಗಳಿಸಿ ಮಟ್ಟದಿಂದ ಮಟ್ಟಕ್ಕೆ ಏರುವ ನಿಯಮ ಹಾಗೆಯೇ ಉಳಿಯಿತು. ಆದರೆ ಈ ನಿಯಮವನ್ನು ಅರಿಯದ ಮಗುವಿಗೂ ಅದನ್ನು ಕಲಿಸುವ ಹೊಣೆಯನ್ನು ಆಟವೇ ಹೊತ್ತಿತು. ಮೊದಲ ದೃಶ್ಯದಲ್ಲಿ ನಾಯಕ ಅರಸನ ಕೋಣೆಯಲ್ಲಿದ್ದಾನೆ, ಬಾಗಿಲು ಮುಚ್ಚಿದೆ, ಪೆಟ್ಟಿಗೆ ತೆರೆದು ಕೀಲಿ ಪಡೆದು ಬಾಗಿಲು ತೆಗೆಯದೆ ಹೊರಗೆ ಹೋಗುವಂತಿಲ್ಲ. ಮುಂದುವರಿದ ಭಾಗಗಳಲ್ಲಿ 1987ರಲ್ಲಿ ಮೂವರ ತಂಡ ಬಂದಿತು. 1988ರಲ್ಲಿ ಆಡುವವನೇ ಸಂಗಡಿಗರನ್ನು ಆಯ್ದುಕೊಳ್ಳುವ ನಾಲ್ವರ ತಂಡ. ಮೂರು ಆಟಗಳ ಅವಧಿಯಲ್ಲಿ ಹೋರಿಯಿ ತಮ್ಮ ಆಟಗಾರರನ್ನು ವಿಝಾರ್ಡ್ರಿಯ ಹತ್ತಿರಕ್ಕೆ ನಡೆಸಿಕೊಂಡು ಬಂದರೆನ್ನಬಹುದು. ಹಾಗೆಂದಮೇಲೆ ಆರಂಭದಲ್ಲಿ ಬಿಟ್ಟದ್ದು ಅಜ್ಞಾನದಿಂದಲ್ಲ, ಬೋಧನಕ್ರಮದಿಂದ.

ಮೂರನೆಯದು, ಬೇರೆಯಾಗಿ ತಿಳಿದದ್ದು. ವಿಝಾರ್ಡ್ರಿಯ ಶ್ರೇಷ್ಠ ಖಡ್ಗವೊಂದಕ್ಕೆ ಅದರ ಕರ್ತೃಗಳು ಅಮೆರಿಕದ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುವ ಯಂತ್ರದ ಹೆಸರನ್ನು ತಮಾಷೆಗಾಗಿ ಇಟ್ಟಿದ್ದರು. ಆ ಯಂತ್ರವನ್ನು ಕಂಡಿರದ ಜಪಾನಿನ ಆಟಗಾರರಿಗೆ ‘ಕ್ವಿಸಿನಾರ್ಟ್’ ಎಂಬುದು ಪುರಾತನ ಖಡ್ಗದ ಗಂಭೀರ ನಾಮವಾಗಿ ಕೇಳಿಸಿತು. ಹಾಸ್ಯ ಅಳಿದು ಐತಿಹ್ಯ ಉಳಿಯಿತು. ಅಮೆರಿಕದಲ್ಲಿ ಮೂಲ ಸರಣಿ 2001ರ ಎಂಟನೆಯ ಭಾಗದೊಂದಿಗೆ ನಿಂತಿತು. ಜಪಾನಿನಲ್ಲಿ ಆ ಹೆಸರಿನ ಹೊಸ ಆಟಗಳು ಬರುತ್ತಲೇ ಹೋದವು. ತವರಿನಲ್ಲಿ ಬತ್ತಿದ ಪ್ರಕಾರವನ್ನು ಪಡೆದ ನಾಡು ಕಾಪಾಡಿತು.

4. ಕರ್ಕಿಯಿಂದ ಸಾಂಗಲಿಗೆ

ಈ ಮೂರು ತಲೆಬರಹಗಳನ್ನು ಹಿಡಿದು ನಮ್ಮ ಸೀಮೆಗೆ ಬರೋಣ. ಮೊದಲು ಸಂಪರ್ಕದ ಸ್ವರೂಪ. ಸಾಂಗಲಿಯ ಅರಸು ಚಿಂತಾಮಣರಾವ್ ಪಟವರ್ಧನರಿಗೆ ಕನ್ನಡ ಪರಭಾಷೆಯಾಗಿರಲಿಲ್ಲ. ಬೆಳಗಾವಿಗೆ ಹೊಂದಿದ ಶಹಾಪುರ, ಕೃಷ್ಣಾತೀರದ ತೇರದಾಳ, ಗದಗಿನತ್ತಣ ಶಿರಹಟ್ಟಿ ಇವೆಲ್ಲ ಸಾಂಗಲಿ ಸಂಸ್ಥಾನಕ್ಕೆ ಸೇರಿದ್ದ ಕನ್ನಡ ಪ್ರದೇಶಗಳು. ರಾಮದುರ್ಗವಾದರೋ 1948ರವರೆಗೆ ಭಾವೆ ಮನೆತನದ ಆಳ್ವಿಕೆಯಲ್ಲಿದ್ದ ಪ್ರತ್ಯೇಕ ಸಂಸ್ಥಾನ: ಅರಮನೆಯ ಮಾತು ಮರಾಠಿ, ಪ್ರಜೆಗಳ ಮಾತು ಕನ್ನಡ. ಆದ್ದರಿಂದ 1842ರ ಪ್ರದರ್ಶನವನ್ನು ಎರಡು ಅಪರಿಚಿತ ಸಂಸ್ಕೃತಿಗಳ ಆಕಸ್ಮಿಕ ಭೇಟಿಯೆಂದು ಭಾವಿಸುವುದು ಸರಿಯಲ್ಲ. ಅದು ಒಂದೇ ಆಡಳಿತವಲಯದೊಳಗೆ ಹಾದುಬಂದ ಆಟ.

ಇನ್ನು ಸ್ವೀಕಾರ. 1843ರ ನವೆಂಬರ್ 5ರಂದು ರಂಗಕ್ಕೆ ಬಂದ ‘ಸೀತಾ ಸ್ವಯಂವರ’ದಲ್ಲಿ ಉಳಿದುದು ಭಾಗವತನ ಸ್ಥಾನ. ಅವನ ಹೆಸರು ಸೂತ್ರಧಾರ ಎಂದಾಯಿತು. ಪದ್ಯಗಳನ್ನೆಲ್ಲ ಹಾಡುವವನು ಅವನೇ. ಪಾತ್ರಧಾರಿಗಳು ಅರ್ಥವನ್ನು ತಮ್ಮ ಮಾತಿನಲ್ಲಿ ಕಟ್ಟಿ ಆಡುತ್ತಿದ್ದರು. ಗಣಪತಿ, ಸರಸ್ವತಿಯರ ಪ್ರವೇಶ, ವಿದೂಷಕ, ರಾಕ್ಷಸರ ಅಬ್ಬರ ಇವೂ ಮುಂದುವರಿದವು. ಬಿಟ್ಟದ್ದು ಮುಖ್ಯವಾಗಿ ಕುಣಿತ. ಯಕ್ಷಗಾನದಲ್ಲಿ ಕುಣಿತವು ಬಾಲ್ಯದಿಂದ ಮೈಗೂಡಿಸಿಕೊಳ್ಳಬೇಕಾದ ಶಿಸ್ತು. ಹೊಸದಾಗಿ ಕಲೆಹಾಕಿದ ತಂಡಕ್ಕೆ ಅದು ಸುಲಭವಾಗಿ ದಕ್ಕುವಂಥದಲ್ಲ. ಕೀಲಿಮಣೆಯಿಲ್ಲದ ಯಂತ್ರ ಆಜ್ಞೆಗಳನ್ನು ಕೈಬಿಟ್ಟಂತೆ, ತರಬೇತಾದ ಕಾಲುಗಳಿಲ್ಲದ ಮೇಳ ಕುಣಿತವನ್ನು ಹಿಂದಕ್ಕೆ ಸರಿಸಿತು.

ಬೇರೆಯಾಗಿ ತಿಳಿದದ್ದಕ್ಕೂ ನಿದರ್ಶನವಿದೆ. ಮುಂದೆ ಹೊಸ ಶಿಕ್ಷಣ ಪಡೆದ ಮರಾಠಿ ಪ್ರೇಕ್ಷಕರು ಈ ಬಗೆಯ ನಾಟಕಗಳನ್ನು ‘ತಾಗಡಥೋಮ್’ ಎಂದೂ ‘ಅಲಲಡುರ್’ ಎಂದೂ ಹಾಸ್ಯಮಾಡತೊಡಗಿದರು. ಮೊದಲನೆಯದರಲ್ಲಿ ಮದ್ದಳೆಯ ನುಡಿತದ ಅನುಕರಣೆಯಿದೆ. ಎರಡನೆಯದರಲ್ಲಿ ರಾಕ್ಷಸನ ಕೂಗಿನದು. ಕರ್ಕಿಯ ರಂಗದಲ್ಲಿ ರೌದ್ರಕ್ಕೆ ಸಾಧನವಾಗಿದ್ದ ಶಬ್ದ ಪುಣೆಯಲ್ಲಿ ಗೇಲಿಯ ಮಾತಾಯಿತು. ಜಪಾನಿನಲ್ಲಿ ತಮಾಷೆ ಗಂಭೀರವಾದರೆ ಇಲ್ಲಿ ಗಂಭೀರವಾದುದು ತಮಾಷೆಯಾಯಿತು. ದಿಕ್ಕು ಬೇರೆ, ಕಾರಣ ಒಂದೇ: ಅಂಗವೊಂದು ತನ್ನ ಆವರಣವನ್ನು ಬಿಟ್ಟು ಬಂದಾಗ ಅದರ ರಸವನ್ನು ನಿರ್ಣಯಿಸುವವರು ಪಡೆದವರೇ ಹೊರತು ಕೊಟ್ಟವರಲ್ಲ.

5. ಗುರ್ಲಹೊಸೂರಿನಿಂದ ಗದಗಿಗೆ

‘ಸೀತಾ ಸ್ವಯಂವರ’ ರಂಗಕ್ಕೆ ಬಂದ ವರ್ಷವೇ, 1843ರ ಮಾರ್ಚ್ 31ರಂದು, ಸವದತ್ತಿ ಸೀಮೆಯ ಗುರ್ಲಹೊಸೂರಿನಲ್ಲಿ ಬಳವಂತ ಪಾಂಡುರಂಗ ಕಿರ್ಲೋಸ್ಕರ ಜನಿಸಿದರು. ಅಣ್ಣಾಸಾಹೇಬ ಕಿರ್ಲೋಸ್ಕರ ಎಂದು ಪ್ರಸಿದ್ಧರಾದ ಇವರು ಕನ್ನಡ-ಮರಾಠಿಗಳೆರಡರ ನಡುವೆ ಬೆಳೆದವರು. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಪ್ರದರ್ಶಿತವಾದ ಇವರ ‘ಶಾಕುಂತಲ’, 1882ರ ‘ಸೌಭದ್ರ’ ಮರಾಠಿ ಸಂಗೀತ ನಾಟಕದ ಅಡಿಗಲ್ಲುಗಳು.

ಕಿರ್ಲೋಸ್ಕರರು ಮಾಡಿದ ಮುಖ್ಯ ಬದಲಾವಣೆ ಭಾಗವತನ ಸ್ಥಾನಕ್ಕೆ ಸಂಬಂಧಿಸಿದುದು. ಸೂತ್ರಧಾರನೊಬ್ಬನೇ ಹಾಡುವ ಪದ್ಧತಿಯನ್ನು ಬಿಟ್ಟು ಆಯಾ ಪಾತ್ರಗಳೇ ತಮ್ಮ ಪದಗಳನ್ನು ಹಾಡುವಂತಾಯಿತು. ಗದ್ಯವೂ ಬರಹದಲ್ಲಿ ನಿಶ್ಚಿತವಾಯಿತು. ಹೊರಗಿನ ನಿರ್ವಾಹಕನನ್ನು ತೆಗೆದು ಅವನ ಕೆಲಸವನ್ನು ಪಾತ್ರಗಳಿಗೂ ಪಠ್ಯಕ್ಕೂ ಹಂಚಿಕೊಟ್ಟ ಕ್ರಮವಿದು. ಪಾರ್ಸಿ ರಂಗಭೂಮಿಯ ಪ್ರೇರಣೆ ಇಲ್ಲಿದೆಯೆಂಬುದನ್ನು ಮರಾಠಿ ಇತಿಹಾಸಕಾರರು ಗುರುತಿಸಿದ್ದಾರೆ. ಆದರೆ ಧಾಟಿಗಳ ಮಟ್ಟಿಗೆ ಬೇರೊಂದು ಸಾಕ್ಷ್ಯವಿದೆ. ಮರಾಠಿ ಸಂಗೀತ ನಾಟಕಗಳ ಮುದ್ರಿತ ಪ್ರತಿಗಳಲ್ಲಿ ಪದಗಳ ತಲೆಯ ಮೇಲೆ ‘ಚಾಲ’ ಎಂದು ಧಾಟಿಯನ್ನು ಸೂಚಿಸುವ ರೂಢಿಯಿದ್ದು, ಅವುಗಳಲ್ಲಿ ಕನ್ನಡ ಧಾಟಿಗಳೂ ಸೇರಿವೆ. ಇದು ಪಡೆದವರೇ ಬರೆದಿಟ್ಟ ಒಪ್ಪಿಗೆ. ಹೋರಿಯಿ ತಮ್ಮ ಆಟದ ಗೋಡೆಯ ಮೇಲೆ ಬರೆದಿಟ್ಟಂಥದೇ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಚುರಮುರಿ ಶೇಷಗಿರಿರಾಯರ ಕನ್ನಡ ‘ಶಾಕುಂತಲ’ ಕಿರ್ಲೋಸ್ಕರರ ‘ಶಾಕುಂತಲ’ಕ್ಕಿಂತ ಸುಮಾರು ಹತ್ತು ವರ್ಷ ಹಿಂದಿನದು. ಈ ಕಾಲಕ್ರಮದಿಂದಲೇ ಪ್ರಭಾವವನ್ನು ಊಹಿಸುವ ಆಕರ್ಷಣೆ ನಮಗೆ ಸಹಜ. ಆದರೆ ಇಬ್ಬರ ಮುಂದೆಯೂ ಕಾಳಿದಾಸನಿದ್ದಾನೆ. ಮೊದಲು ಬಂದುದು ನಂತರ ಬಂದುದಕ್ಕೆ ಕಾರಣವೆಂದು ಹೇಳಬೇಕಾದರೆ, ಸಮಾನ ಮೂಲದಿಂದ ಬರಲಾರದ ಸಾಮ್ಯವೊಂದನ್ನು ತೋರಿಸಬೇಕು: ಒಂದು ಧಾಟಿ, ಮೂಲದಲ್ಲಿಲ್ಲದ ಒಂದು ಸೇರ್ಪಡೆ, ಎರಡರಲ್ಲಿಯೂ ಒಂದೇ ರೀತಿಯ ಬಿಡಿಕೆ. ಅದು ದೊರೆಯುವವರೆಗೆ ಇದು ಸಂಶೋಧನೆಯ ಪ್ರಶ್ನೆಯೇ ಹೊರತು ಫಲಿತಾಂಶವಲ್ಲ.

ಮರಾಠಿ ನಾಟಕ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳಿಗೆ ಬಂದಾಗ ಕನ್ನಡ ಪ್ರೇಕ್ಷಕರು ತಮ್ಮದೇ ಆಟದ ದೂರದ ಸಂತತಿಯನ್ನು ಪರಭಾಷೆಯಲ್ಲಿ ಕಂಡರು. ಕನ್ನಡ ಶಾಲೆಗಳಿಗಾಗಿ ಡೆಪ್ಯುಟಿ ಚನ್ನಬಸಪ್ಪನವರು ಶ್ರಮಿಸಬೇಕಾಗಿದ್ದ ಕಾಲವದು. ಸಕ್ಕರಿ ಬಾಳಾಚಾರ್ಯರು, ಎಂದರೆ ಶಾಂತಕವಿಗಳು (1856–1920), 1870ರ ದಶಕದಲ್ಲಿ ಗದಗಿನಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದುದು ಈ ಸನ್ನಿವೇಶಕ್ಕೆ ಕೊಟ್ಟ ಪ್ರತ್ಯುತ್ತರ. ಮುಂದೆ ಕೊಣ್ಣೂರು, ಶಿರಹಟ್ಟಿಗಳ ಹೆಸರಿನ ಮಂಡಳಿಗಳು ಬೆಳೆದವು. ಒಂದು ಕಾಲಕ್ಕೆ ಸಾಂಗಲಿಯ ಆಳ್ವಿಕೆಗೆ ಒಳಪಟ್ಟಿದ್ದ ಶಿರಹಟ್ಟಿಯೇ ಕನ್ನಡ ಕಂಪನಿ ನಾಟಕದ ಒಂದು ಹೆಸರಾದುದು ಈ ಚಕ್ರದ ಒಂದು ಸುತ್ತು ಪೂರ್ಣವಾದುದರ ಕುರುಹು.

6. ಚೌಕಟ್ಟು ಉಳಿದು ವಸ್ತು ಬದಲಾದಾಗ

ಕೊಡುಕೊಳ್ಳುವಿಕೆಯ ಈ ಹೆದ್ದಾರಿಯ ಪಕ್ಕದಲ್ಲಿಯೇ ಇನ್ನೊಂದು ಕೆಲಸ ನಡೆದಿತ್ತು. ಕುಲಗೋಡ ತಮ್ಮಣ್ಣನ ಕೈಯಲ್ಲಿ ಪರಿಷ್ಕಾರಗೊಂಡ ‘ಶ್ರೀಕೃಷ್ಣ ಪಾರಿಜಾತ’ ಭಾಗವತನನ್ನು ಬಿಟ್ಟುಕೊಡದೆ ಬೆಳೆಯಿತು. ಕಿತ್ತೂರಿನ ಹೋರಾಟದ ನಂತರ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಸಂಗೊಳ್ಳಿ ರಾಯಣ್ಣನ ಕಥೆ ಲಾವಣಿಯಾಯಿತು. ಫ್ಲೀಟ್ ಅವರು 1880ರ ದಶಕದಲ್ಲಿ ಸಂಗ್ರಹಿಸಿ ಪ್ರಕಟಿಸಿದ ಲಾವಣಿಗಳಲ್ಲಿ ಅದೂ ಒಂದು. ಲಾವಣಿ ಕನ್ನಡ-ಮರಾಠಿಗಳೆರಡಕ್ಕೂ ಸೇರಿದ ಪ್ರಕಾರವಾದುದರಿಂದ ಇಲ್ಲಿ ಕೊಟ್ಟವರಾರು, ಕೊಂಡವರಾರು ಎಂದು ಗೆರೆ ಎಳೆಯುವುದು ವ್ಯರ್ಥ.

ಬೈಲಹೊಂಗಲದ ಪತ್ತಾರ ಮಾಸ್ತರರ ‘ಸಂಗ್ಯಾ ಬಾಳ್ಯಾ’ ಈ ದೃಷ್ಟಿಯಿಂದ ವಿಶೇಷವಾದುದು. ಬೈಲಹೊಂಗಲದಲ್ಲಿಯೇ ನಡೆದ ಕೊಲೆಯೊಂದು ಅದರ ವಸ್ತು. ಗೆಳೆತನ, ಗಂಗಿಯ ಮೇಲಿನ ಮೋಹ, ಬಾಳ್ಯಾನ ದ್ರೋಹ, ಈರ್ಯಾ ಮತ್ತವನ ತಮ್ಮಂದಿರ ಸೇಡು. ದೇವತೆಗಳಿಲ್ಲ, ರಾಕ್ಷಸರಿಲ್ಲ, ಇರುವವರು ಓಣಿಯ ಜನ. ಹಿಮ್ಮೇಳ, ಹಾಡು-ಮಾತುಗಳ ಹೆಣಿಗೆ ಮಾತ್ರ ಪರಂಪರೆಯವು. ಗಣಕ ಆಟಗಳಲ್ಲಿ ಇದಕ್ಕೆ ಹೋಲುವ ಘಟ್ಟವೊಂದಿದೆ. 1989ರಲ್ಲಿ ಜಪಾನಿನ ಶಿಗೆಸಾತೊ ಇತೊಯಿ ‘ಮದರ್’ ಎಂಬ ಆಟದಲ್ಲಿ ಡ್ರ್ಯಾಗನ್ ಕ್ವೆಸ್ಟಿನ ಚೌಕಟ್ಟನ್ನು ಉಳಿಸಿಕೊಂಡು, ಖಡ್ಗ-ಕೋಟೆಗಳ ಜಾಗದಲ್ಲಿ ಬೇಸ್‌ಬಾಲ್ ದಾಂಡು ಹಿಡಿದ ಇಂದಿನ ಬಾಲಕನನ್ನು ನಿಲ್ಲಿಸಿದರು. ಆ ಸರಣಿಯಿಂದ ಪ್ರೇರಿತನಾಗಿ ಅಮೆರಿಕದ ಟೋಬಿ ಫಾಕ್ಸ್ 2015ರಲ್ಲಿ ‘ಅಂಡರ್‌ಟೇಲ್’ ರಚಿಸಿದ. ಅಮೆರಿಕದಿಂದ ಹೊರಟ ಆಟ ಜಪಾನನ್ನು ಹಾದು ಮರಳಿತು. ‘ಸಂಗ್ಯಾ ಬಾಳ್ಯಾ’ವೂ ಚಂದ್ರಶೇಖರ ಕಂಬಾರರ ಕೈಯಲ್ಲಿ ಆಧುನಿಕ ರಂಗಕ್ಕೆ ಬಂದುದನ್ನು ಇಲ್ಲಿ ನೆನೆಯಬಹುದು. ಎರಡೆಡೆಯೂ ಎರವಲು ಬಂದ ಚೌಕಟ್ಟು ‘ನಮ್ಮದು’ ಆದುದು ನೆರೆಮನೆಯ ಬದುಕು ಅದರೊಳಗೆ ಕಾಲಿಟ್ಟಾಗ.

7. ಸಮಾರೋಪ

ದಂಡಿಯ ಚೌಕಟ್ಟನ್ನು ಸ್ವೀಕರಿಸಿಯೇ ಕನ್ನಡ ನಾಡು-ನುಡಿಗಳ ಗುರುತನ್ನು ಬರೆದ ‘ಕವಿರಾಜಮಾರ್ಗ’ ನಮ್ಮ ಮೊದಲ ಉಪಲಬ್ಧ ಗ್ರಂಥ. ಆದ್ದರಿಂದ ಪಡೆಯುವುದು ಕುಂದಲ್ಲ ಎಂಬ ಅರಿವು ನಮ್ಮ ಪರಂಪರೆಯ ಆರಂಭದಲ್ಲಿಯೇ ಇದೆ. ಆದರೂ ಪ್ರಭಾವದ ಚರ್ಚೆ ಬಂದಾಗ ನಾವು ಸಾಲಗಾರ-ಸಾಹುಕಾರರ ಭಾಷೆಗೆ ಜಾರುತ್ತೇವೆ.

ಮೇಲಿನ ಹೋಲಿಕೆಯಿಂದ ಮೂರು ಅಂಶಗಳು ಸ್ಪಷ್ಟವಾಗುತ್ತವೆ. ಒಂದು, ಪಡೆದವರು ಬಿಟ್ಟದ್ದು ಪಡೆದಷ್ಟೇ ಮುಖ್ಯವಾದ ಸಾಕ್ಷ್ಯ. ಅದರ ಹಿಂದೆ ಉಪಕರಣದ, ತರಬೇತಿಯ, ಪ್ರೇಕ್ಷಕರ ಕಾರಣಗಳಿರುತ್ತವೆ. ಎರಡು, ಆಟದ ವಲಸೆಯನ್ನು ಅಳೆಯಲು ಭಾಗವತನ ಸ್ಥಾನ ಒಳ್ಳೆಯ ಮಾನದಂಡ. ಅವನ ಅಧಿಕಾರ ಯಾರಿಗೆ ಹೋಯಿತು ಎಂಬುದನ್ನು ಗುರುತಿಸಿದರೆ ಪ್ರಕಾರ ಎಲ್ಲಿ ತಿರುವು ಪಡೆಯಿತೆಂಬುದು ತಿಳಿಯುತ್ತದೆ. ಮೂರು, ಕಾಲಕ್ರಮವೊಂದೇ ಪ್ರಭಾವಕ್ಕೆ ಆಧಾರವಾಗಲಾರದು. ಸಂಪರ್ಕ, ಆಕಸ್ಮಿಕವಾಗಿರಲಾರದ ಸಾಮ್ಯ, ಪಡೆದವರ ಒಪ್ಪಿಗೆ ಇವು ಒಟ್ಟಿಗೆ ನಿಲ್ಲಬೇಕು.

ಇದರಿಂದ ಒಂದು ಕಾರ್ಯವೂ ನಮ್ಮ ಮುಂದೆ ಬರುತ್ತದೆ. ಮರಾಠಿ ಸಂಗೀತ ನಾಟಕಗಳ ‘ಚಾಲ’ ಸೂಚನೆಗಳನ್ನೂ ಬೆಳಗಾವಿ ಸೀಮೆಯ ಪಾರಿಜಾತ, ಸಣ್ಣಾಟ, ಎಲ್ಲಮ್ಮನಾಟಗಳ ಧಾಟಿಗಳನ್ನೂ ಎದುರುಬದುರಿಟ್ಟು ಪಟ್ಟಿ ಮಾಡುವ ಕೆಲಸವದು. ಮುದ್ರಿತ ಪ್ರತಿಗಳು ಗ್ರಂಥಾಲಯಗಳಲ್ಲಿ ಕಾಯಬಲ್ಲವು. ಧಾಟಿಗಳು ಇರುವುದು ಹಿರಿಯ ಹಾಡುಗಾರರ ಕಂಠದಲ್ಲಿ. ಜಪಾನಿನವರಿಗೆ ಮೂಲ ಆಟವನ್ನು ಮತ್ತೆ ಆಡಿ ನೋಡುವ ಅನುಕೂಲವಿದೆ. ನಮಗೆ ಆ ಅನುಕೂಲ ಇರುವುದು ಆ ಕಂಠಗಳು ಇರುವವರೆಗೆ ಮಾತ್ರ.